ಗುಳಿಗಿ ಮಗುವಿಗೆ, ಚೀಟಿ ಯಾರ ಕೈಯಾಗ?

ಜ್ವರದ ಗುಳಿಗಿಯನ್ನು ಯಾರೂ ಮುಚ್ಚಿಡುವುದಿಲ್ಲ. ಕೆಮ್ಮಿನ ಔಷಧದ ಬಾಟಲಿ ಕಿಟಕಿಯ ಮೇಲೆಯೇ ಇರುತ್ತದೆ. ಆದರೆ ನಮ್ಮ ಭಾಗದ ಮನೆಗಳಲ್ಲಿ ಒಂದು ಗುಳಿಗಿ ಮಾತ್ರ ಜೋಳದ ಡಬ್ಬಿಯ ಹಿಂದೆ, ಟ್ರಂಕಿನ ತಳದಲ್ಲಿ, ಆಯಿಯ ಸಂಚಿಯಲ್ಲಿ ಅಡಗಿ ಕೂತಿರುತ್ತದೆ. ಅದು 'ತಲಿ ಗುಳಿಗಿ'. ಮನಸ್ಸಿನ ಬ್ಯಾನಿಗೆ, ವಿಪರೀತ ಹಟಕ್ಕೆ, ನಿದ್ದೆ ಬಾರದ್ದಕ್ಕೆ, ಸಾಲಿಯಲ್ಲಿ ಒಂದು ಕಡೆ ಕೂಡದ್ದಕ್ಕೆ ಅಂತ ಕೊಡುವುದು. ಡಾಕ್ಟರು ಬರೆದುಕೊಟ್ಟದ್ದೂ ಇರಬಹುದು, ಯಾರೂ ಬರೆಯದೇ ಬಂದದ್ದೂ ಇರಬಹುದು. ನುಂಗುವವನು ಎಂಟು-ಹತ್ತು ವರ್ಷದ ಹುಡುಗ. ಅವನ ತಾಯಿ-ತಂದೆ ಮನೆಯಲ್ಲಿಲ್ಲ.

ಹೆತ್ತವರು ಮನೆಯಲ್ಲಿದ್ದರೆ ಈ ಲೇಖನವೇ ಬೇಕಾಗಿರಲಿಲ್ಲ. ಗುಳಿಗಿ ಯಾಕೆ, ಎಷ್ಟು ದಿವಸ, ಬಿಟ್ಟರೆ ಏನಾಗ್ತದ ಅಂತ ತಾಯಿಯಾದವಳು ಡಾಕ್ಟರರನ್ನು ಬಿಡದೆ ಕೇಳುತ್ತಾಳೆ. ಇನ್ನೊಬ್ಬರ ಮನೆಯಲ್ಲಿ ಬೆಳೆಯುವ ಮಗುವಿನ ಪರವಾಗಿ ಕೇಳುವವರು ಯಾರು? ಶುರು ಮಾಡಿದ್ದು ಒಬ್ಬರು, ಕೊಡುವವರು ಇನ್ನೊಬ್ಬರು, ನಿಲ್ಲಿಸಿ ಅಂತ ಹೇಳಬೇಕಾದವರ ಪತ್ತೆಯೇ ಇಲ್ಲ. ಇವತ್ತಿನ ನಮ್ಮ ಮಾತು ಈ ಹುಡುಗನ ಬಗ್ಗೆ.

ಗೋಕಾಕ, ಹುಕ್ಕೇರಿ ಮತ್ತು 2018ರಲ್ಲಿ ಗೋಕಾಕದಿಂದ ಬೇರೆಯಾಗಿ ತಾಲೂಕಾದ ಮೂಡಲಗಿ, ಈ ಮೂರೂ ಕಡೆ ಇಂಥ ಮಕ್ಕಳು ಓಣಿಗೊಬ್ಬರು ಸಿಕ್ಕಾರು. ಅಪ್ಪ-ಅವ್ವ ಗೋವಾಕ್ಕೋ ಕೊಲ್ಲಾಪುರದ ಕಡೆಗೋ ದುಡಿಯಲು ಹೋಗಿದ್ದಾರೆ, ಮಗು ಆಯಿಯ ಹತ್ತಿರ. ಅಪ್ಪ ತೀರಿಕೊಂಡಿದ್ದಾನೆ, ಅವ್ವ ಮರುಮದುವೆಯಾಗಿದ್ದಾಳೆ, ಮಗು ಸ್ವಾದರಮಾವನ ಮನೆಯಲ್ಲಿ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಗೇ ನುಗ್ಗಿ ಲೋಳಸೂರ ಸೇತುವೆ ಮುಳುಗಿದಾಗ ಎಷ್ಟು ಮಕ್ಕಳು ಗಂಜಿ ಕೇಂದ್ರದಿಂದ ನೆಂಟರ ಮನೆಗೆ, ಅಲ್ಲಿಂದ ಮತ್ತೊಂದು ಮನೆಗೆ ಅಲೆದರೋ ದೇವರೇ ಬಲ್ಲ. ಮುಂದೆ ಕೊರೊನಾ ಬಂತು, ಹೆತ್ತವರನ್ನೇ ಒಯ್ದಿತು. ದೇವದಾಸಿ ಪದ್ಧತಿಯನ್ನು ನಿಷೇಧಿಸಿ ರಾಜ್ಯ ಕಾಯ್ದೆ ಮಾಡಿದ್ದು 1982ರಲ್ಲಿ. ಆದರೂ ಘಟಪ್ರಭಾದಲ್ಲಿ ಆ ತಾಯಂದಿರೇ ಸೇರಿ 'ಮಾಸ್' ಎಂಬ ಸಂಸ್ಥೆ ಕಟ್ಟಿಕೊಳ್ಳಬೇಕಾಯಿತು. ಅವರ ಮಕ್ಕಳಲ್ಲಿ ಹಾಸ್ಟೆಲ್ಲಿನಲ್ಲಿ, ಅಜ್ಜಿಯ ಮನೆಯಲ್ಲಿ ಬೆಳೆದವರು ಎಷ್ಟೋ ಜನ.

ನಮ್ಮ ಕಡೆ ಇದಕ್ಕೆ ದೊಡ್ಡ ಹೆಸರೇನೂ ಇಲ್ಲ. "ಆಯಿ ಕಡೆ ಅದಾನ್ರಿ" ಅಂದರೆ ಮುಗೀತು. ಸರ್ಕಾರದ ಭಾಷೆಯಲ್ಲಿ ಮಾತ್ರ ಎರಡು ಹೆಸರು. ಮಗುವನ್ನು ಸಂಬಂಧವಿಲ್ಲದ ಕುಟುಂಬವೊಂದಕ್ಕೆ ಸಮಿತಿಯ ಆದೇಶದ ಮೇಲೆ ಸಾಕಲು ಕೊಟ್ಟರೆ ಅದು 'ಪೋಷಕತ್ವ'. ದತ್ತು ಅಲ್ಲ, ಹಕ್ಕು ಬದಲಾಗುವುದಿಲ್ಲ, ಮನೆ ಬದಲಾಗುತ್ತದೆ ಅಷ್ಟೇ. ಅಜ್ಜಿ, ಮಾವ, ದೊಡ್ಡಪ್ಪನ ಹತ್ತಿರವೇ ಇದ್ದು ಸರ್ಕಾರದ ಸಹಾಯ ಪಡೆದರೆ 'ಪ್ರಾಯೋಜಕತ್ವ'. 2022ರಿಂದ 'ಮಿಷನ್ ವಾತ್ಸಲ್ಯ' ಅಡಿಯಲ್ಲಿ ಎರಡಕ್ಕೂ ತಿಂಗಳಿಗೆ 4000 ರೂಪಾಯಿ. ಪ್ರಾಯೋಜಕತ್ವಕ್ಕೆ ಹಳ್ಳಿಯವರ ವರಮಾನ ವರ್ಷಕ್ಕೆ 72 ಸಾವಿರ, ಪೇಟೆಯವರದು 96 ಸಾವಿರ ಮೀರಿರಬಾರದು. ಅರ್ಜಿ ಕೊಡುವುದು ಬೆಳಗಾವಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ.

ಸರಿ, ರೊಕ್ಕದ ಮಾತು ಆಯಿತು. ಗುಳಿಗಿಯ ಮಾತಿಗೆ ಬರೋಣ.

ಹಿಂಗೊಬ್ಬ ಹುಡುಗ ಅಂತ ಇಟ್ಕೊಳ್ರಿ

ಇದು ಯಾವ ಊರಿನ ಯಾವ ಮನೆಯದೂ ಅಲ್ಲ. ಆದರೆ ಓದುಗರು ತಮ್ಮ ಓಣಿಯದೇ ಅಂದುಕೊಂಡರೂ ತಪ್ಪಿಲ್ಲ.

ಒಂಬತ್ತು ವರ್ಷದ ಹುಡುಗ. ಅವ್ವ ಸತ್ತ ಮೇಲೆ ಆಯಿಯ ಮನೆಗೆ ಬಂದ. ಬಂದ ತಿಂಗಳೊಳಗೆ ಹಾಸಿಗೆ ತೋಯಿಸಲು ಶುರು ಮಾಡಿದ. ರಾತ್ರಿ ಚೀರಿ ಏಳುತ್ತಾನೆ. ಸಾಲಿಯಲ್ಲಿ ಯಾವನನ್ನೋ ಹೊಡೆದ, ಮಾಸ್ತರರು ಕರೆಸಿ "ಇವನನ್ನ ತೋರಿಸ್ರಿ ಒಮ್ಮೆ" ಅಂದರು. ಆಯಿ ಮೊದಲು ತಾಯಿತ ಕಟ್ಟಿಸಿದಳು. ಆಮೇಲೆ ಊರಿನ ಡಾಕ್ಟರು ಒಂದು ಗುಳಿಗಿ ಕೊಟ್ಟರು. ಹುಡುಗ ಮಲಗಿದ, ಮರುದಿವಸವೂ ಮಬ್ಬಾಗಿಯೇ ಇದ್ದ. ಆಯಿಗೆ ಸಮಾಧಾನ: "ಸುಮ್ಮ ಅದಾನಲ್ರಿ ಈಗ." ಗುಳಿಗಿ ತೀರಿತು. ಖಾಲಿ ಪಟ್ಟಿಯನ್ನು ಸೊಸೆಯ ಕೈಯಲ್ಲಿ ಕೊಟ್ಟು ಮೆಡಿಕಲ್ಲಿಗೆ ಕಳಿಸಿದಳು. ಅದೇ ಗುಳಿಗಿ ಮತ್ತೆ ಬಂತು. ಆರು ತಿಂಗಳಾದ ಮೇಲೆ ಮಾವ ಬಂದು ಹುಡುಗನನ್ನು ಹುಕ್ಕೇರಿಗೆ ಕರೆದೊಯ್ದ. ಚೀಲದಲ್ಲಿ ಅಂಗಿ-ಚಡ್ಡಿ ಇತ್ತು, ಪಾಟಿಪುಸ್ತಕ ಇತ್ತು. ಗುಳಿಗಿಯೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಅಲ್ಲಿ ಹುಡುಗನಿಗೆ ಮೂರು ದಿವಸ ನಿದ್ದೆಯಿಲ್ಲ, ಮೈ ನಡುಕ, ಕಡೆಗೆ ಫಿಟ್ಸು. ಅತ್ತಿ ಅಂದಳು: "ಹುಚ್ಚು ಹಿಡದೈತಿ."

ಇಲ್ಲಿ ತಪ್ಪು ಯಾರದು? ಆಯಿಯದಂತೂ ಅಲ್ಲ. ಆಕೆಗೆ ಯಾರೂ ಹೇಳಿಯೇ ಇಲ್ಲವಲ್ಲ.

ಮನಸ್ಸಿನ ಡಾಕ್ಟರುಗಳು ಹೇಳುವುದು ಇಷ್ಟು. ಹೆತ್ತವರನ್ನು ಕಳೆದುಕೊಂಡ ಮಗು, ಮನೆ ಬದಲಿಸಿದ ಮಗು ಹಾಸಿಗೆ ತೋಯಿಸುವುದು, ಸಿಟ್ಟಾಗುವುದು, ಊಟ ಬಿಡುವುದು, ಪಾಠದಲ್ಲಿ ಲಕ್ಷ್ಯ ಕೊಡದಿರುವುದು ಬಹಳ ಸಲ ದುಃಖದ ಭಾಷೆ. ದೊಡ್ಡವರು ಅಳುತ್ತಾರೆ, ಮಕ್ಕಳು ಹೀಗೆ ಮಾಡುತ್ತಾರೆ. ಇದಕ್ಕೆ ಮೊದಲ ಔಷಧ ಗುಳಿಗಿ ಅಲ್ಲ. ಮಾತಾಡಿಸುವುದು, ಆಡಿಸುವುದು, ದಿನಾ ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ನಿದ್ದೆ, ಸತ್ತ ಅವ್ವನ ಸುದ್ದಿಯನ್ನು ಬಚ್ಚಿಡದೇ ಇರುವುದು, ಇವೇ ಮೊದಲು. ಮೇಲ್ನೋಟಕ್ಕೆ ಮಾತ್ರ ಇದೆಲ್ಲ ಬೇರೆ ಬೇರೆ ಕಾಯಿಲೆಗಳ ಹಾಗೆಯೇ ಕಾಣುತ್ತದೆ. ಅದಕ್ಕೇ ಐದು ನಿಮಿಷ ನೋಡಿ ಬರೆದ ಚೀಟಿಯಲ್ಲಿ ಎಡವಟ್ಟಾಗುವ ಸಂಭವ ಹೆಚ್ಚು.

ಹಾಗಂತ ಗುಳಿಗಿಯೇ ವಿಷ ಅಂತ ಸಾರುವುದು ಇನ್ನೊಂದು ಅನಾಹುತ. ಮಗುವಿಗೆ ನಿಜವಾಗಿ ಖಿನ್ನತೆ ಇರಬಹುದು, ಅತಿ ಚಂಚಲತೆಯ ಕಾಯಿಲೆ ಇರಬಹುದು, ಇಲ್ಲದ ದನಿ ಕೇಳಿಸಬಹುದು. ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಮೀಕ್ಷೆಯನ್ನು 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿತು. 13ರಿಂದ 17 ವರ್ಷದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಕ್ಕಳಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಕಂಡುಬಂತು. ಅಂದರೆ ನಲವತ್ತು ಮಕ್ಕಳ ಒಂದು ವರ್ಗದಲ್ಲಿ ಸರಾಸರಿ ಇಬ್ಬರು ಮೂವರು. ಇವರಲ್ಲಿ ಕೆಲವರಿಗೆ ಗುಳಿಗಿ ಬೇಕೇ ಬೇಕು, ಅದರಿಂದ ಸಾಲಿಗೆ ಮರಳಿದ ಮಕ್ಕಳಿದ್ದಾರೆ. ಫಿಟ್ಸಿನ ಗುಳಿಗಿಯ ಕಥೆಯಂತೂ ಬೇರೆಯೇ. ಫಿನೋಬಾರ್ಬಿಟೋನ್, ವಾಲ್ಪ್ರೊಯೇಟ್ ಮುಂತಾದವನ್ನು "ಹುಡುಗ ಚಲೋ ಅದಾನ, ಯಾಕ ಬೇಕು" ಅಂತ ಒಮ್ಮೆಲೇ ಬಿಟ್ಟರೆ ಫಿಟ್ಸು ತಿರುಗಿ, ಮೊದಲಿಗಿಂತ ಜೋರಾಗಿ ಬರಬಹುದು, ಪ್ರಾಣಕ್ಕೂ ಅಪಾಯ. ನಿದ್ದೆ ಗುಳಿಗಿಗಳನ್ನು ಬಹಳ ದಿವಸ ತಗೊಂಡು ಥಟ್ಟನೆ ಬಿಟ್ಟರೂ ಇದೇ ಭಯ. ಡಾಕ್ಟರು ಹಂತಹಂತವಾಗಿ ಇಳಿಸಬೇಕು.

ಮೆಡಿಕಲ್ಲಿನವರಿಗೆ ಎರಡು ಮಾತು

ನಮ್ಮ ಓದುಗರಲ್ಲಿ ಅಂಗಡಿಕಾರರು ಬಹಳ. ಅದರಲ್ಲಿ ಔಷಧ ಅಂಗಡಿಯವರು ಈ ಭಾಗವನ್ನು ಎರಡು ಸಲ ಓದಲಿ.

ಅಲ್ಪ್ರಜೋಲಾಮ್, ಡಯಜೆಪಾಮ್, ಜನ 'ಟೆನ್ಶನ್ ಗುಳಿಗಿ', 'ನಿದ್ದಿ ಗುಳಿಗಿ' ಅಂತ ಕೇಳಿಕೊಂಡು ಬರುವುದು ಇವೇ. 2014ರ ಮಾರ್ಚ್ 1ರಿಂದ ಇವು 'ಎಚ್-1' ಪಟ್ಟಿಯಲ್ಲಿವೆ. ಡಾಕ್ಟರರ ಚೀಟಿ ಇಲ್ಲದೆ ಕೊಡುವಂತಿಲ್ಲ. ಬರೆದ ಡಾಕ್ಟರರ ಹೆಸರು, ರೋಗಿಯ ಹೆಸರು, ಔಷಧದ ಹೆಸರು, ಎಷ್ಟು ಕೊಟ್ಟಿರಿ, ಇಷ್ಟನ್ನೂ ಬೇರೆ ರಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಖಾಲಿ ಪಟ್ಟಿ ತೋರಿಸಿ "ಇದನ್ನ ಕೊಡ್ರಿ" ಅಂದರೆ ಅದು ಚೀಟಿ ಆಗುವುದಿಲ್ಲ. ಅಜ್ಜಿಗೆ ಬರೆದ ಗುಳಿಗಿಯಲ್ಲಿ ಅರ್ಧ ಮುರಿದು ಮೊಮ್ಮಗನಿಗೆ ಕೊಡುವುದು ಅದಕ್ಕಿಂತ ದೊಡ್ಡ ತಪ್ಪು. ಈ ಜಾತಿಯ ಗುಳಿಗಿಗಳಿಂದ ಕೆಲವು ಮಕ್ಕಳು ಸುಮ್ಮನಾಗುವ ಬದಲು ಇನ್ನಷ್ಟು ರಂಪ ಮಾಡುತ್ತವೆ ಅನ್ನುವುದು ವೈದ್ಯರಿಗೆ ಹಳೆಯ ಸಂಗತಿ. ಆಗ ಮನೆಯವರು ಏನು ಮಾಡುತ್ತಾರೆ? ಇನ್ನರ್ಧ ಕೊಡುತ್ತಾರೆ!

ಇದಕ್ಕೆ ಶಿಕ್ಷೆಯೂ ಸಣ್ಣದಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮು ಓದಿ ನೋಡಿ. ಅರ್ಹ ವೈದ್ಯರು ಹೇಳದೆ ಮಗುವಿಗೆ ಸಾರಾಯಿ, ತಂಬಾಕು, ಮಾದಕವಸ್ತು ಅಥವಾ ಕಾನೂನಿನ ಪಟ್ಟಿಯಲ್ಲಿರುವ ಮನೋದ್ರೇಕ ಔಷಧ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಅಲ್ಪ್ರಜೋಲಾಮ್, ಡಯಜೆಪಾಮ್ ಎರಡೂ ಆ ಪಟ್ಟಿಯಲ್ಲಿವೆ. ಗುಟ್ಕಾ ಮಾರುವವನಿಗಾಗಿ ಮಾಡಿದ ಕಲಮು ಅಂತ ಎಲ್ಲರೂ ತಿಳಿದಿದ್ದಾರೆ. ಮನೆಯವರಿಗೂ ಅದು ಅನ್ವಯಿಸುತ್ತದೆ.

ಮಂದಿರಕ್ಕೊಂದು ನಿಯಮ, ಮನೆಗೆ?

ಸರ್ಕಾರದ ಬಾಲಮಂದಿರ, ಖಾಸಗಿ ಅನಾಥಾಲಯಗಳಿಗೆ ನಿಯಮವಿದೆ. 2016ರ ಬಾಲನ್ಯಾಯ ಮಾದರಿ ನಿಯಮಗಳಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಾರೆ: ತರಬೇತಿ ಪಡೆದ ಮಾನಸಿಕ ಆರೋಗ್ಯ ತಜ್ಞರು ಮಗುವನ್ನು ಪರೀಕ್ಷೆ ಮಾಡಿ ಇಂಥ ಕಾಯಿಲೆ ಅಂತ ನಿರ್ಧರಿಸದೆ ಮನಸ್ಸಿನ ಗುಳಿಗಿ ಕೊಡಬಾರದು. ಕೊಡುವವರೂ ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿಯೇ ಆಗಿರಬೇಕು, ಅಡಿಗೆಯವರೋ ಕಾವಲುಗಾರರೋ ಅಲ್ಲ. ಪ್ರತಿ ಮಗುವಿಗೂ ಮಾನಸಿಕ ಆರೋಗ್ಯದ ಬೇರೆ ದಾಖಲೆ ಇಡಬೇಕು.

ಒಳ್ಳೆಯ ನಿಯಮ. ಪಾಲನೆ ಹೇಗಿದೆ ಅನ್ನುವುದು ಮಂದಿರಗಳ ರಜಿಸ್ಟರು ತೆಗೆದು ನೋಡಿದರೆ ತಿಳಿಯುವ ವಿಷಯ, ತಪಾಸಣೆಗೆ ಹೋಗುವ ಸಾಹೇಬರು ಅಡಿಗೆಮನೆಯ ಜೊತೆಗೆ ಔಷಧದ ಕಪಾಟನ್ನೂ ತೆಗೆಸಲಿ. ಆದರೆ ಈ ಮಾತು ಸಂಸ್ಥೆಗಳಿಗೆ. ಸರ್ಕಾರ ಈಗ ಹೇಳುತ್ತಿರುವುದು ಮಕ್ಕಳನ್ನು ಸಂಸ್ಥೆಯಿಂದ ಕುಟುಂಬಕ್ಕೆ ಕಳಿಸಿ ಅಂತ. 2024ರ ಹೊಸ ಮಾರ್ಗಸೂಚಿಯಲ್ಲಿ ಒಂಟಿಯಾಗಿರುವವರೂ ಮಗುವನ್ನು ಪೋಷಕತ್ವಕ್ಕೆ ಪಡೆಯಬಹುದು ಎಂದಾಗಿದೆ. ಸಾಕಿದ ಎರಡು ವರ್ಷಕ್ಕೆ ದತ್ತು ಕೇಳಬಹುದು, ಮೊದಲು ಐದು ವರ್ಷ ಕಾಯಬೇಕಿತ್ತು. ಕುಟುಂಬವೇ ಒಳ್ಳೆಯದು, ಇದರಲ್ಲಿ ನಮ್ಮದು ಎರಡು ಮಾತಿಲ್ಲ. ಆದರೆ ಮಂದಿರದಲ್ಲಿ ನರ್ಸಿನ ಕೈಯಲ್ಲಿದ್ದ ಗುಳಿಗಿ ಮನೆಯಲ್ಲಿ ಸೆರಗಿನ ಗಂಟಿಗೆ ಬರುತ್ತದೆ. ಪೋಷಕ ಕುಟುಂಬಕ್ಕೆ ಸಮಿತಿಯವರು ಪ್ರತಿ ತಿಂಗಳೂ ಹೋಗಿ ಮಗುವಿನ ಯೋಗಕ್ಷೇಮ ನೋಡಬೇಕು ಅಂತ ಕಾಯ್ದೆಯ 44ನೇ ಕಲಮಿನಲ್ಲಿದೆ. ಅಜ್ಜಿ-ಮಾವನ ಮನೆಗೆ ಆದೇಶವೂ ಇಲ್ಲ, ಅರ್ಜಿಯೂ ಇಲ್ಲ, ಬರುವವರೂ ಇಲ್ಲ. ನಮ್ಮ ಮೂರು ತಾಲೂಕಿನಲ್ಲಿ ಇಂಥ ಮನೆಗಳೇ ಹೆಚ್ಚು.

ಕಣ್ಣಿಡುವವರು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದವರು ಲೆಕ್ಕ ಇಟ್ಟಿದ್ದಾರೆ. ಅಲ್ಲಿ ಪೋಷಕ ಮನೆಗಳ ಪದ್ಧತಿ ಹಳೆಯದು, ದೊಡ್ಡದು. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧಕರು ಐದು ರಾಜ್ಯಗಳ 2008ರ ಲೆಕ್ಕ ತೆಗೆದು 2011ರ ಡಿಸೆಂಬರಿನಲ್ಲಿ ವರದಿ ಕೊಟ್ಟರು. ಸರ್ಕಾರಿ ವೈದ್ಯಕೀಯ ನೆರವು ಪಡೆಯುವ ಬೇರೆ ಬಡಮಕ್ಕಳಿಗೆ ಹೋಲಿಸಿದರೆ ಪೋಷಕ ಮನೆಯ ಮಕ್ಕಳಿಗೆ ಮನಸ್ಸಿನ ಔಷಧ ಬರೆದದ್ದು 2.7ರಿಂದ 4.5 ಪಟ್ಟು ಹೆಚ್ಚು. ಒಂದೇ ಹೊತ್ತಿಗೆ ಐದು ಅಥವಾ ಹೆಚ್ಚು ಬಗೆಯ ಗುಳಿಗಿ ನುಂಗುವ ಮಕ್ಕಳೂ ಸಿಕ್ಕರು, ವರ್ಷ ತುಂಬದ ಕೂಸುಗಳ ಹೆಸರಿನಲ್ಲೂ ಚೀಟಿ ಸಿಕ್ಕವು! ಹೆಚ್ಚು ಬರೆದ ಮಾತ್ರಕ್ಕೆ ಎಲ್ಲವೂ ತಪ್ಪು ಅಂತಲ್ಲ, ಆ ಮಕ್ಕಳು ಅನುಭವಿಸಿದ ಕಷ್ಟವೂ ಹೆಚ್ಚು ಅಂತ ವರದಿಯವರೇ ಹೇಳಿದ್ದಾರೆ. ಅದು ನ್ಯಾಯವಾದ ಮಾತು. ಆದರೂ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕೋರ್ಟಿನ ವಶದಲ್ಲಿರುವ, ಹೆತ್ತವರಿಂದ ಬೇರೆಯಾದ ಮಗುವಿಗೆ ಇಂಥ ಗುಳಿಗಿ ಶುರು ಮಾಡಬೇಕಾದರೆ ನ್ಯಾಯಾಧೀಶರ ಅಪ್ಪಣೆ ಬೇಕು. ಡಾಕ್ಟರು ಕಾರಣ ಬರೆದುಕೊಡಬೇಕು.

ಅಂದಹಾಗೆ, ಮಕ್ಕಳ ನಡವಳಿಕೆಗೆ ಗುಳಿಗಿ ಕೊಟ್ಟು ನೋಡಿದ ಮೊದಲ ಪ್ರಸಿದ್ಧ ಪ್ರಯೋಗ ನಡೆದದ್ದೂ ಮನೆಯಿಂದ ಹೊರಗಿದ್ದ ಮಕ್ಕಳ ಮೇಲೆಯೇ. 1937ರಲ್ಲಿ ಅಮೆರಿಕದ ಡಾ. ಚಾರ್ಲ್ಸ್ ಬ್ರ್ಯಾಡ್ಲಿ ಮಕ್ಕಳ ವಸತಿ ಆಸ್ಪತ್ರೆಯೊಂದರಲ್ಲಿ 30 ಮಕ್ಕಳಿಗೆ ಬೆಂಜಡ್ರಿನ್ ಕೊಟ್ಟರು. ಸುಮಾರು ಅರ್ಧದಷ್ಟು ಮಕ್ಕಳು ಪಾಠದಲ್ಲಿ ಥಟ್ಟನೆ ಮುಂದೆ ಬಂದರಂತೆ. ವಿದ್ಯೆ ಬೆಳೆದದ್ದು ಹಾಗೆ. ಆ ಮಕ್ಕಳನ್ನು ದಿನವೂ ನೋಡಿ ಬರೆದಿಡುವ ಡಾಕ್ಟರು ಅಲ್ಲಿದ್ದರು ಅನ್ನುವುದನ್ನೂ ನೆನಪಿಡಬೇಕು.

ಸಹಿ ಹಾಕುವವರು ಯಾರು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಮಗುವಿನ ಪರವಾಗಿ ಒಪ್ಪಿಗೆ ಕೊಡಬೇಕಾದವರು ಕಾನೂನುಬದ್ಧ ಪಾಲಕರು. ಮಗುವನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿಕೊಳ್ಳುವುದು ತೀರ ಅಪರೂಪಕ್ಕೆ, ಬೇರೆ ದಾರಿಯೇ ಇಲ್ಲದಾಗ. ಸೇರಿಸಿದರೂ ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ. "ಕರೆಂಟ್ ಕೊಡ್ತಾರಂತ" ಅನ್ನುವ ಹೆದರಿಕೆ ನಮ್ಮಲ್ಲಿ ಇನ್ನೂ ಐತಿ. ಮಕ್ಕಳಿಗೆ ಅದನ್ನು ಈ ಕಾಯ್ದೆ ನಿಷೇಧಿಸಿದೆ. ಪಾಲಕರ ಒಪ್ಪಿಗೆಯೂ ಮಾನಸಿಕ ಆರೋಗ್ಯ ಮಂಡಳಿಯ ಮುಂಗಡ ಅನುಮತಿಯೂ ಇಲ್ಲದೆ ಯಾರೂ ಕೊಡುವಂತಿಲ್ಲ.

ಎಲ್ಲ ಸರಿ. ಆದರೆ ಆಯಿ ಕಾನೂನುಬದ್ಧ ಪಾಲಕಳೇ? ಹೆಚ್ಚಿನ ಮನೆಗಳಲ್ಲಿ ಆಕೆಯ ಹತ್ತಿರ ಒಂದು ಕಾಗದವೂ ಇಲ್ಲ. ಅಪ್ಪ ಗೋವಾದಲ್ಲಿ ಫೋನು ಎತ್ತುವುದಿಲ್ಲ. ಡಾಕ್ಟರು "ಪಾಲಕರು ಯಾರವ್ವಾ?" ಅಂತ ಕೇಳಿದರೆ ಆಕೆ ಮುಖ ಮುಖ ನೋಡುತ್ತಾಳೆ. ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಒಂದಿದ್ದರೆ ಈ ತಕರಾರು ಬಹುಮಟ್ಟಿಗೆ ಇರುವುದಿಲ್ಲ. ಜನ ಸಮಿತಿಯ ಹೆಸರು ಕೇಳಿದರೆ "ಮಗುವನ್ನ ಕಸಗೊಂಡು ಹೋಗ್ತಾರ" ಅಂತ ಹೆದರುತ್ತಾರೆ. ತಿಂಗಳಿಗೆ 4000 ರೂಪಾಯಿ ಕೊಟ್ಟು ಮಗುವನ್ನು ಅಜ್ಜಿಯ ಹತ್ತಿರವೇ ಇಡುವ ಯೋಜನೆ ಇದು ಅಂತ ಗ್ರಾಮ ಪಂಚಾಯಿತಿಯವರು ಡಂಗುರ ಸಾರಿಸಿದರೆ ಏನು ಕಳಕೊಳ್ಳುತ್ತಾರೆ? ಕೊರೊನಾದಲ್ಲಿ ತಾಯಿ-ತಂದೆ ಇಬ್ಬರನ್ನೂ ಕಳೆದುಕೊಂಡವರಿಗೆ 2021ರಲ್ಲಿ ರಾಜ್ಯ ಸರ್ಕಾರ ಬಾಲಸೇವಾ ಯೋಜನೆಯಲ್ಲಿ ತಿಂಗಳಿಗೆ 3500 ರೂಪಾಯಿ ಘೋಷಿಸಿದಾಗ ಮಾತ್ರ ಮನೆ ಮನೆ ಹುಡುಕಿಕೊಂಡು ಬಂದಿದ್ದರು. ಉಳಿದ ಅನಾಥರು ಅನಾಥರಲ್ಲವೇನು?

ಎಲ್ಲಿಗೆ ಹೋಗಬೇಕು?

ಮಕ್ಕಳ ಮನೋವೈದ್ಯರು ನಮ್ಮ ತಾಲೂಕುಗಳಲ್ಲಿ ಓಣಿಗೊಬ್ಬರು ಕೂತಿಲ್ಲ. ಇಡೀ ದೇಶದಲ್ಲೇ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಬರುವುದಿಲ್ಲ. ಆದರೆ ಏನೂ ಇಲ್ಲ ಅಂತಲೂ ಅಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆ ನೋಡಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ರಾಜ್ಯ. 1985ರಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಶುರು ಮಾಡಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಲ್ಲಿ ರಾಜ್ಯ ಸರ್ಕಾರ 'ಮನೋಚೈತನ್ಯ' ಹೆಸರಿನಲ್ಲಿ ಮನೋವೈದ್ಯರನ್ನು ಮಂಗಳವಾರ ತಾಲೂಕಾ ಆಸ್ಪತ್ರೆಗೆ ಕಳಿಸುವ ಏರ್ಪಾಡು ಮಾಡಿತು. ಗೋಕಾಕ, ಹುಕ್ಕೇರಿ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಬರ್ತಾರೆ ಅಂತ ಮೊದಲೇ ಕೇಳಿಕೊಂಡು ಹೋಗಿ, ಬಸ್ ಚಾರ್ಜು ದಂಡ ಆಗಬಾರದು. ಮೂಡಲಗಿಯವರಿಗೆ ಗೋಕಾಕವೇ ಹತ್ತಿರ. ದೊಡ್ಡದಾದರೆ ಬೆಳಗಾವಿಯ ಜಿಲ್ಲಾಸ್ಪತ್ರೆ ಇದೆ, ಧಾರವಾಡದ ಮಾನಸಿಕ ಆಸ್ಪತ್ರೆ ಇದೆ. ಧಾರವಾಡ ಅಂದಕೂಡಲೇ ನಗುವವರು ನಗಲಿ. ಅದೀಗ ಡಿಮ್ಹಾನ್ಸ್, ವೈದ್ಯರನ್ನು ತಯಾರು ಮಾಡುವ ಸಂಸ್ಥೆ.

ಹೋದವರು ಬಾಯಿ ಬಿಟ್ಟು ಕೇಳಬೇಕು. ಇದು ಯಾವ ಕಾಯಿಲೆಗೆ? ಗುಳಿಗಿ ಬಿಟ್ಟು ಬೇರೆ ಏನು ಮಾಡಬೇಕು? ಎಷ್ಟು ತಿಂಗಳು? ತೂಕ ಏರ್ತದೋ, ಹಸಿವು ಹೋಗ್ತದೋ? ರಿಸ್ಪೆರಿಡೋನ್ ಎಂಬ ಗುಳಿಗಿಯಿಂದ ಮಗುವಿನ ತೂಕ ಏರಬಹುದು, ಮಂಪರು ಬರಬಹುದು. ಚಂಚಲತೆಗೆ ಕೊಡುವ ಮಿಥೈಲ್‌ಫೆನಿಡೇಟಿನಿಂದ ಹಸಿವು ಕಡಿಮೆಯಾಗಬಹುದು, ಎತ್ತರ-ತೂಕ ಆಗಾಗ ನೋಡಬೇಕು. ಖಿನ್ನತೆಯ ಗುಳಿಗಿ ಶುರು ಮಾಡಿದ ಮೊದಲ ವಾರಗಳಲ್ಲಿ ಮಗುವಿನ ಮೇಲೆ ಹೆಚ್ಚು ನಿಗಾ ಬೇಕು; ಸಾಯುವ ಮಾತು ಹೆಚ್ಚಾದೀತು ಅಂತ ಅಮೆರಿಕದ ಔಷಧ ಇಲಾಖೆ 2004ರಲ್ಲೇ ಎಚ್ಚರಿಕೆ ಅಚ್ಚು ಹಾಕಿಸಿದೆ. ಇದನ್ನೆಲ್ಲ ಕೇಳಿದರೆ ಸಿಟ್ಟಾಗುವ ಡಾಕ್ಟರು ಇದ್ದರೆ ಇರಲಿ. ಕೇಳುವುದು ಮಗುವಿನ ಹಕ್ಕು, ಕೇಳುವ ಬಾಯಿ ನಿಮ್ಮದು.

ಮಗುವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಕಳಿಸುವಾಗ, ಹಾಸ್ಟೆಲ್ಲಿಗೆ ಬಿಡುವಾಗ, ಬಾಲಮಂದಿರದಿಂದ ಕರೆತರುವಾಗ ಚೀಲದಲ್ಲಿ ಅಂಗಿಯ ಜೊತೆಗೆ ಒಂದು ಪ್ಲಾಸ್ಟಿಕ್ ಕವರು ಇಡಿ. ಅದರಲ್ಲಿ ಡಾಕ್ಟರರ ಚೀಟಿ, ಮುಂದಿನ ತಾರೀಕು ಬರೆದ ಹಾಳೆ, ಹದಿನೈದು ದಿವಸಕ್ಕಾಗುವಷ್ಟು ಗುಳಿಗಿ. ಹೊಸ ಮನೆಯವರಿಗೆ, ಇಲ್ಲವೇ ವಾರ್ಡನ್ನರಿಗೆ ಕೈಯಲ್ಲಿ ಕೊಟ್ಟು ಹೇಳಿ, ಹುಡುಗನ ಕೈಯಲ್ಲಿ ಬೇಡ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಪುಕ್ಕಟೆ ಸಲಹೆ ಕೊಡುವ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ 14416. ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಗಾದರೂ ಎತ್ತುತ್ತಾರೆ.